ತೆನಿನ್ ಕುಲಿಬಾಲಿಯ ಮೊದಲ ಪ್ರಶ್ನೆ

ಬೆಳಕು ಹರಿಯುವ ಮೊದಲು ತೆನಿನ್ ಕುಲಿಬಾಲಿ ಮಾಡಬೇಕಾದ ಕೆಲಸಗಳು ಇವು: ಬಾವಿಯಿಂದ ನೀರು ಸೇದಿ ಅಂಗಳದ ದೊಡ್ಡ ಮಡಕೆ ತುಂಬಿಸುವುದು. ಅತ್ತೆಯ ಕೈಕಾಲು ತೊಳೆಯುವ ಕೆಟಲಿಗೆ ಒಂದು ಹದ, ಗಂಡನ ಸ್ನಾನದ ಬಕೆಟಿಗೆ ಇನ್ನೊಂದು ಹದ ನೀರು ಕಾಯಿಸುವುದು. ನಿನ್ನೆಯ ಬೂದಿ ತೆಗೆದು ಒಲೆ ಹಚ್ಚುವುದು. ಅಂಗಳ ಗುಡಿಸುವುದು, ಅಲ್ಲಿರುವ ಬೇವಿನ ಮರ ರಾತ್ರಿಯಿಡೀ ಎಲೆ ಉದುರಿಸಲೆಂದೇ ಎಚ್ಚರವಿರುತ್ತದೆ. ಕುರಿಗಳನ್ನು ಬಿಚ್ಚುವುದು. ಸಜ್ಜೆ ಹಿಟ್ಟಿಗೆ ನೀರು ಚಿಮುಕಿಸಿ, ಸೋರೆಬುರುಡೆಯಲ್ಲಿ ಉರುಳಿಸಿ, ಮೆಣಸಿನ ಕಾಳಿನಷ್ಟು ಸಣ್ಣ ಉಂಡೆ ಮಾಡಿ, ಹುಣಸೆ ಹುಳಿ ಹಿಂಡಿ ಗಂಜಿ ಬೇಯಿಸುವುದು. ಮಲಗಿರುವ ಮಕ್ಕಳಲ್ಲಿ ಯಾವುದು ಚಾಪೆ ಒದ್ದೆ ಮಾಡಿದೆ ನೋಡಿ, ಆ ಚಾಪೆಯನ್ನು ಬಿಸಿಲು ಬೀಳುವ ಕಡೆಗೆ ಎಳೆದಿಡುವುದು. ಇಷ್ಟೆಲ್ಲ ಆದ ಮೇಲೆ ಗಂಡ ಬಕಾರಿ ದೆಂಬೆಲೆ ಎದ್ದು, ಮೈಮುರಿದು, "ಬೆಳಗಾಯ್ತಾ?" ಎಂದು ಕೇಳುವುದು. ಅದು ಅವನ ಕೆಲಸ.

ಇದು ತೆನಿನಳ ಅಡುಗೆ ಸರದಿಯ ದಿನದ ಪಟ್ಟಿ. ಸೆಗೂ ಪಟ್ಟಣದ ನದಿ ದಂಡೆಯ ನಮ್ಮ ಓಣಿಯಲ್ಲಿ ಸೊಸೆಯಂದಿರು ಎರಡೆರಡು ದಿನಕ್ಕೊಮ್ಮೆ ಒಲೆ ಬದಲಾಯಿಸಿಕೊಳ್ಳುತ್ತಾರೆ. ತೆನಿನಳ ಸರದಿ ಮುಗಿದರೆ ಅವಳ ಓರಗಿತ್ತಿ ವಾಸ್ಸಾಳದು. ಸರದಿ ಇಲ್ಲದ ದಿನ ಈ ಪಟ್ಟಿಯಿಂದ ಒಲೆ ಮತ್ತು ಗಂಜಿ ಬಿಟ್ಟುಹೋಗುತ್ತವೆ, ಮಿಕ್ಕಿದ್ದೆಲ್ಲ ಹಾಗೇ ಇರುತ್ತದೆ. ಅಂಥ ದಿನಕ್ಕೆ ಆ ಮನೆಯವರು ಇಟ್ಟ ಹೆಸರು "ತೆನಿನಳ ರಜೆ". ಆ ರಜೆಯಲ್ಲಿ ಅವಳು ಹೆಗಲಿಗೆ ಚೀಲ ಹಾಕಿಕೊಂಡು, ರೇಡಿಯೋ ಕೇಳುವವರನ್ನು ಎಣಿಸಲು ಹೋಗುತ್ತಿದ್ದಳು.

ಕಡಲಾಚೆಯ ಒಂದು ದೇಶದ ರೇಡಿಯೋ ನಮ್ಮ ಬಂಬರಾ ಭಾಷೆಯಲ್ಲಿ ದಿನಾ ಅರ್ಧ ಗಂಟೆ ಮಾತಾಡುತ್ತದೆ. ಅಷ್ಟು ದೂರ ಕೂತು ಮಾತಾಡುವವರಿಗೆ ಇಲ್ಲಿ ಯಾರು ಕೇಳುತ್ತಿದ್ದಾರೆ, ಎಷ್ಟು ಜನ ಕೇಳುತ್ತಿದ್ದಾರೆ ಎಂಬುದು ಹೇಗೆ ಗೊತ್ತಾಗಬೇಕು? ಅದಕ್ಕೆಂದು ಅವರು ರಾಜಧಾನಿ ಬಮಾಕೋದ ಒಂದು ಕಚೇರಿಗೆ ಹೇಳುತ್ತಾರೆ. ಕಚೇರಿ ಊರೂರಿಗೆ ಜನ ಕಳಿಸಿ ಮನೆಮನೆಯಲ್ಲಿ ಕೇಳಿಸುತ್ತದೆ. ಮೊದಮೊದಲು ಗಂಡಸರನ್ನೇ ಕಳಿಸುತ್ತಿದ್ದರು. ಗಂಡಸು ಬಂದು ಮನೆಯ ಹೆಂಗಸನ್ನು ಕೇಳಿದರೆ, ಅವಳ ಗಂಡ ಬಾಗಿಲಲ್ಲೇ ನಿಂತು ಅವಳ ಪರವಾಗಿ ಉತ್ತರ ಕೊಟ್ಟು ಕಳಿಸುತ್ತಿದ್ದ. ಹಾಗಾಗಿ ಕಚೇರಿಯ ದಿಕೋ ಎಂಬ ಮೇಲ್ವಿಚಾರಕ ಹೆಂಗಸರನ್ನು ಹುಡುಕಿದ. ಪೋಲಿಯೋ ಹನಿ ಹಾಕುವಾಗ ಓಣಿ ಓಣಿ ಸುತ್ತಿದ್ದ ತೆನಿನ್ ಅವನ ಕಣ್ಣಿಗೆ ಬಿದ್ದಳು.

ಆ ಕೆಲಸವೆಂದರೆ ಅವಳಿಗೆ ಜೀವ. ಮನೆಯಲ್ಲಿ ಬಂದವರಿಗೆ ಕುರ್ಚಿ ಹಾಕುವವಳು ಅವಳು. ಚೀಲ ಹೆಗಲಿಗೇರಿದರೆ ಬೇರೆಯವರು ಅವಳಿಗೆ ಕುರ್ಚಿ ಹಾಕುತ್ತಾರೆ. ಅವಳು ಕೇಳುತ್ತಾಳೆ, ಅವರು ಹೇಳುತ್ತಾರೆ, ಅವಳು ಬರೆದುಕೊಳ್ಳುತ್ತಾಳೆ. ಮದುವೆಯಾದಾಗಿನಿಂದ ಅಂಥದ್ದೊಂದು ನಡೆದಿರಲಿಲ್ಲ.

ಮಾಡುವ ಕ್ರಮ ಹೀಗೆ: ಮಸೀದಿಯಿಂದ ಹೊರಟು ಐದೈದು ಮನೆಗೊಂದು ಮನೆ ಹಿಡಿಯಬೇಕು. ಮೊದಲ ಪ್ರಶ್ನೆ, ಈ ಮನೆಯಲ್ಲಿ ಯಾರಾದರೂ ರೇಡಿಯೋದಲ್ಲಿ, ಪತ್ರಿಕೆಯಲ್ಲಿ ಅಥವಾ ಇಂಥ ಎಣಿಕೆಯಲ್ಲಿ ಕೆಲಸ ಮಾಡುತ್ತಾರೆಯೇ? ಹೌದೆಂದರೆ ವಂದನೆ ಹೇಳಿ ಪಕ್ಕದ ಮನೆಗೆ ಹೋಗಬೇಕು, ಏಕೆಂದರೆ ಅಂಥ ಮನೆಯವರ ಕಿವಿ ಸಾಮಾನ್ಯರ ಕಿವಿಯಲ್ಲ ಎಂದು ಕಚೇರಿಯ ನಂಬಿಕೆ. ಇಲ್ಲವೆಂದರೆ ಮನೆಯ ದೊಡ್ಡವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು, ಸೋರೆಬುರುಡೆಗೆ ಹಾಕಿ, ಒಂದನ್ನು ಎತ್ತಬೇಕು. ಯಾರ ಚೀಟಿ ಬಂತೋ ಅವರೇ ಉತ್ತರ ಹೇಳಬೇಕು.

ಬರೆಯಲು ಇದು ಸುಲಭ. ಆದರೆ ಚೀಟಿಯಲ್ಲಿ ಹೆಂಗಸಿನ ಹೆಸರು ಬಂದರೆ ಅವಳ ಎರಡೂ ಕೈ ಕೆಲಸದಲ್ಲಿರುತ್ತವೆ. ಕಾಗದದ ಪ್ರಶ್ನೆಗಳು ಮುಗಿಯುವಷ್ಟು ಹೊತ್ತು ಸುಮ್ಮನೆ ಕೂರುವ ಹೆಂಗಸು ನಮ್ಮೂರಲ್ಲಿ ಒಂದೋ ಕಾಯಿಲೆಯವಳು, ಇಲ್ಲವೇ ಮದುಮಗಳು. ಅದಕ್ಕೇ ತೆನಿನ್ ತನ್ನದೇ ದಾರಿ ಮಾಡಿಕೊಂಡಿದ್ದಳು. ಆ ದಾರಿ ಎಂಥದ್ದೆಂದು ತಿಳಿಯಲು ನಾನ್ಯುಮಾ ಕೆಯಿತಾ ಎಂಬವಳ ಅಂಗಳ ನೋಡಿದರೆ ಸಾಕು.

ಚೀಟಿ ನಾನ್ಯುಮಾಳದು ಬಂದಿತ್ತು. ಅವಳು ಒರಳಿನ ಮುಂದೆ ನಿಂತು ಸಜ್ಜೆ ಕುಟ್ಟುತ್ತಿದ್ದಳು. ಗಂಡ ಚಾಪೆಯ ಮೇಲೆ ಚಹಾ ಸೋಸುತ್ತ, "ನನ್ನನ್ನೇ ಕೇಳಮ್ಮ. ಅವಳಿಗೆ ರೇಡಿಯೋ ಗೀಡಿಯೋ ಏನು ಗೊತ್ತು?" ಎಂದ.

"ನಿಮ್ಮ ಚೀಟಿ ಬಂದಿದ್ರೆ ನಿಮ್ಮನ್ನೇ ಕೇಳ್ತಿದ್ದೆ ಅಣ್ಣಾ. ಚೀಟಿ ನನ್ ಮಾತು ಕೇಳಲ್ವಲ್ಲ," ಎಂದು ತೆನಿನ್ ಒರಳಿನ ಕಡೆ ತಿರುಗಿದಳು. "ನಾನು ತೆನಿನ್ ಕುಲಿಬಾಲಿ."

ಒನಕೆ ಗಾಳಿಯಲ್ಲೇ ನಿಂತಿತು.

"ಕುಲಿಬಾಲಿ! ಅದಕ್ಕೇ ಅಂದ್ಕೊಂಡೆ, ಬೆಳಿಗ್ಗೆಯಿಂದ ಅಲಸಂದೆ ವಾಸ್ನೆ ಯಾಕೆ ಬರ್ತಿದೆ ಅಂತ. ಹೋಗೇ, ಹೋಗು. ಅಲಸಂದೆ ತಿನ್ನೋರಿಗೆಲ್ಲ ನಾನು ಉತ್ರ ಕೊಡಲ್ಲ."

"ಅಲಸಂದೆ ಬೆಳೆಯೋರು ನಾವು. ರಾತ್ರಿ ಬಂದು ಕದ್ದು ತಿನ್ನೋರು ಕೆಯಿತಾಗಳು. ನಿನ್ನ ಹೊಟ್ಟೆ ನೋಡಿದ್ರೇ ಗೊತ್ತಾಗತ್ತೆ, ನಮ್ಮ ಹೊಲದ್ದು ಅಂತ."

"ನನ್ನಜ್ಜ ನಿನ್ನಜ್ಜನ್ನ ಸಂತೇಲಿ ಕೊಂಡ್ಕೊಂಡು ಬಂದಿದ್ದ. ನೀನು ನನ್ನ ಆಳು."

"ಕೊಂಡ್ಕೊಂಡಿದ್ದು ನಾವು. ನೀನು ತೀರಾ ಸೋಮಾರಿ ಅಂತ ವಾಪಸ್ ಬಿಟ್ಟಿದ್ದು."

ಕೆಯಿತಾಗಳಿಗೂ ಕುಲಿಬಾಲಿಗಳಿಗೂ ಇರುವುದು ಗೇಲಿಯ ನೆಂಟಸ್ತನ. ಮುತ್ತಜ್ಜಂದಿರ ಕಾಲದಿಂದ ಬಂದದ್ದು. ಮುಖ ನೋಡಿರದಿದ್ದರೂ ಮನೆತನದ ಹೆಸರು ಕಿವಿಗೆ ಬಿದ್ದ ಕೂಡಲೇ ಅಲಸಂದೆ ತಿನ್ನೋರು, ಆಳು ಎಂಬ ಮಾಮೂಲಿ ಬೈಗುಳ ಶುರು. ಯಾರೂ ಸಿಟ್ಟಾಗುವಂತಿಲ್ಲ. ಅಷ್ಟೇ ಅಲ್ಲ, ಗೇಲಿಯ ನೆಂಟರು ಆ ನೆಂಟಸ್ತನದ ಹೆಸರಲ್ಲಿ ಏನಾದರೂ ಕೇಳಿದರೆ ಇಲ್ಲ ಎನ್ನುವಂತಿಲ್ಲ. ಈ ಬೈಗುಳ ಮುಗಿಯುವ ತನಕ ಕೇಳಿದ ಯಾವ ಪ್ರಶ್ನೆಗೂ ನಿಜವಾದ ಉತ್ತರ ಸಿಗುವುದಿಲ್ಲ ಎಂಬುದು ತೆನಿನಳಿಗೆ ಗೊತ್ತು. ಅವಸರದ ಹುಡುಗಿಯೊಬ್ಬಳು ಹಿಂದೊಮ್ಮೆ ಬೈಗುಳದ ನಡುವೆಯೇ ಪೆನ್ನು ತೆಗೆದು, "ಈ ಮನೆಯಲ್ಲಿ ರೇಡಿಯೋ ಕೇಳುವುದು ಕತ್ತೆ ಮಾತ್ರ" ಎಂಬ ಉತ್ತರವನ್ನು ಹಾಗೇ ಬರೆದುಕೊಂಡು ಹೋಗಿದ್ದಳು.

ನಗು ಇಳಿದ ಮೇಲೆ ತೆನಿನ್ ಗೋಡೆಗೊರಗಿಸಿದ್ದ ಇನ್ನೊಂದು ಒನಕೆ ಎತ್ತಿಕೊಂಡಳು. ಒಂದೇ ಒರಳಿಗೆ ಇಬ್ಬರು, ಒಬ್ಬಳದು ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಪ್ರಶ್ನೆ ಮೇಲೆ, ಉತ್ತರ ಕೆಳಗೆ.

"ನಿನ್ನೆ ರೇಡಿಯೋ ಕೇಳಿದ್ಯಾ?"

"ಕೇಳ್ದೆ."

"ಯಾವಾಗ?"

"ಮೊದಲ ಕುಟ್ಟು ಮುಗಿಸಿ ತೌಡು ಕೇರೋವಾಗ."

ಕಾಗದದಲ್ಲಿ ಗಡಿಯಾರದ ಚೌಕಗಳಿವೆ, ಕಾಲು ಗಂಟೆಗೊಂದು. ನಾನ್ಯುಮಾಳ ಗಡಿಯಾರದಲ್ಲಿ ಇರುವುದು ತೌಡು, ಉಂಡೆಗಂಜಿ, ಬಟ್ಟೆ, ಮಗುವಿಗೆ ಹಾಲು. ತೌಡು ಕೇರುವ ಹೊತ್ತು ಎಂದರೆ ಯಾವ ಚೌಕ ಎಂಬುದನ್ನು ತೆನಿನ್ ಯೋಚಿಸಬೇಕಾಗಿರಲಿಲ್ಲ. ಅವಳ ಮನೆಯಲ್ಲೂ ಅದೇ ಗಡಿಯಾರ. ಕೊನೆಗೆ "ಕಸುಬು" ಎಂಬ ಪ್ರಶ್ನೆ ಬಂತು.

"ಕಸುಬಾ? ಏನಿಲ್ಲಪ್ಪ, ಮನೇಲೇ ಇರ್ತೀನಿ," ಎಂದಳು ನಾನ್ಯುಮಾ, ಬೆವರು ಒರೆಸಿಕೊಳ್ಳುತ್ತ.

ಕಾಗದದಲ್ಲೂ ಅದಕ್ಕೆ ಸರಿಯಾಗಿ "ಕೆಲಸವಿಲ್ಲ, ಮನೆಯಲ್ಲಿರುವವರು" ಎಂದು ಅಚ್ಚಾಗಿತ್ತು. ತೆನಿನ್ ಒನಕೆ ಕೆಳಗಿಟ್ಟು, ಕೆಂಪಗಾದ ಅಂಗೈಯಿಂದ ಅದಕ್ಕೆ ಗುರುತು ಹಾಕಿದಳು.

ಇನ್ನು ಅವಳ ಅತ್ತೆ ಸನಾಬಾ. ಅವಳೂ ಕೆಯಿತಾ, ನಮ್ಮಲ್ಲಿ ಮದುವೆಯಾದ ಮೇಲೂ ಹೆಂಗಸಿಗೆ ತವರಿನ ಹೆಸರೇ ಉಳಿಯುತ್ತದೆ. ಅಂದರೆ ಈ ಅತ್ತೆಸೊಸೆಯರು ದಿನದ ಹೆಚ್ಚು ಪಾಲು ಅತ್ತೆಸೊಸೆ, ಒಮ್ಮೊಮ್ಮೆ ಗೇಲಿಯ ನೆಂಟರು. ಸೊಸೆಯಾಗಿ ತಲೆ ತಗ್ಗಿಸಿ "ಆಯ್ತು ಅತ್ತೆ" ಎನ್ನುವ ತೆನಿನ್, ಕುಲಿಬಾಲಿಯಾದ ಕೂಡಲೇ ಅತ್ತೆಯನ್ನು "ಏ ಕೆಯಿತಾ" ಎನ್ನುತ್ತಿದ್ದಳು. ಒಂದರಿಂದ ಇನ್ನೊಂದಕ್ಕೆ ಹಾರುವುದು ಯಾವಾಗ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಕಾರಿಗೆ ಮಾತ್ರ ಎಂದೂ ಗೊತ್ತಾಗಲಿಲ್ಲ. ದನಿ ಏರಿದ ಕೂಡಲೇ ಅವನು ಚಪ್ಪಲಿ ಮೆಟ್ಟಿಕೊಂಡು ಗೆಳೆಯರ ಚಹಾ ಕೂಟಕ್ಕೆ ನಡೆಯುತ್ತಿದ್ದ.

ಸನಾಬಾ ಕಡಲಾಚೆಯ ರೇಡಿಯೋದ ಭಕ್ತೆ. ಗಂಜಿಯ ಹೊತ್ತು ಕಳೆದು ಬಿಸಿಲು ಬೇವಿನ ಮರದ ಬುಡಕ್ಕೆ ಬಂದಾಗ ಆ ಅರ್ಧ ಗಂಟೆ ಶುರುವಾಗುತ್ತದೆ. ಅವಳು ತನ್ನ ಕೈಯಲ್ಲೇ ಹೆಣೆದ ನೀಲಿ ಚೀಲದಲ್ಲಿ ರೇಡಿಯೋ ಇಟ್ಟು, ಮರದ ಕವಲಿಗೆ ನೇತುಹಾಕಿ, ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಕೇಳುಗರು ಕಳಿಸಿದ ಪ್ರಶ್ನೆಗಳನ್ನು ಒಬ್ಬಳು ಓದುತ್ತಾಳೆ. ಡಾಕ್ಟರು, ವಕೀಲರು, ಬೀಜದ ವಿಷಯ ತಿಳಿದವರು ಉತ್ತರ ಹೇಳುತ್ತಾರೆ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಸನಾಬಾ ಏಳುವುದಿಲ್ಲ. ಬಾಯಿ ತೆರೆಯುವುದೂ ಇಲ್ಲ. ಹಾಗಾಗಿ ಅದು ಸೊಸೆಯಂದಿರಿಗೂ ಪುಣ್ಯಕಾಲ. ಪಾತ್ರೆ ತಿಕ್ಕುತ್ತಲೋ ಬೆಂಡೆಕಾಯಿ ಹೆಚ್ಚುತ್ತಲೋ ಇರುತ್ತಾರೆ, ಆದರೆ ಅರ್ಧ ಗಂಟೆ "ವಾಸ್ಸಾ! ತೆನಿನ್! ಅದೆಲ್ಲಿ? ಇದೇನು?" ಎಂಬುದಿಲ್ಲ.

ಆ ಸಲ ಎಣಿಕೆ ಶುರುವಾಗುವ ಮೊದಲು ದಿಕೋ ಎಲ್ಲರನ್ನೂ ಕೂರಿಸಿ ಎರಡು ಮಾತು ಹೇಳಿದ. ಒಂದು, ಕೇಳುವವರು ಕಡಿಮೆ ಎಂದು ಕಂಡರೆ ಬಂಬರಾ ಅರ್ಧ ಗಂಟೆಯನ್ನು ರೇಡಿಯೋದವರು ನಿಲ್ಲಿಸಲೂಬಹುದು. ಎರಡು, ಮೊದಲ ಪ್ರಶ್ನೆಗೆ ಹೌದು ಎಂದು ಬಂದ ಮೇಲೂ ಮುಂದುವರಿಸಿದವಳೊಬ್ಬಳನ್ನು ಈ ಸಲ ಕರೆದಿಲ್ಲ. ಇನ್ನು ಮುಂದೆಯೂ ಅಷ್ಟೆ. ತೆನಿನ್ ಮನೆಗೆ ಬಂದು ಮೊದಲನೆಯದನ್ನು ಮಾತ್ರ ಹೇಳಿದಳು.

"ನಿಲ್ಲಿಸ್ತಾರಾ? ನನ್ನ ಕೇಳ್ದೆ?" ಎಂದಳು ಸನಾಬಾ.

"ಕೇಳೋಕೇ ಬರ್ತಿರೋದು ಅತ್ತೆ."

"ಬರ್ಲಿ."

ನಮ್ಮ ಓಣಿ ಬಂದದ್ದು ಅಲಿಮಾ ಎಂಬ ಹುಡುಗಿಯ ಪಾಲಿಗೆ, ಏಕೆಂದರೆ ಸ್ವಂತ ಓಣಿಯಲ್ಲಿ ಯಾರೂ ಕೇಳುವಂತಿಲ್ಲ. ಮನೆಗಳನ್ನು ಎಣಿಸುತ್ತ ಬಂದಾಗ ಐದನೆಯದು ಸನಾಬಾಳದೇ ಆಗುತ್ತದೆಂದು ಯಾರೋ ಮಕ್ಕಳು ಓಡಿಬಂದು ಹೇಳಿದರು. ತೆನಿನ್ ಆ ದಿನ ಊರಿನ ಇನ್ನೊಂದು ತುದಿಯಲ್ಲಿದ್ದಳು. ಸನಾಬಾ ಸ್ನಾನ ಮಾಡಿ, ಗಂಜಿ ಹಾಕಿ ಬಡಿದು ಮಿರಿಮಿರಿ ಮಿಂಚುವ ಹಬ್ಬದ ನಿಲುವಂಗಿ ತೊಟ್ಟು, ವಾಸ್ಸಾಳ ಕೈಲಿ ಶುಂಠಿ ಪಾನಕ ಮಾಡಿಸಿ, ಎರಡು ಕುರ್ಚಿ ಎದುರುಬದುರು ಹಾಕಿಸಿ ಕಾದಳು.

ಅಲಿಮಾ ಬಂದಳು, ಪಾನಕ ಕುಡಿದಳು, ಕಾಗದ ತೆಗೆದು ಮೊದಲ ಪ್ರಶ್ನೆ ಓದಿದಳು: "ದೊಡ್ಡಮ್ಮ, ಈ ಮನೇಲಿ ಯಾರಾದ್ರೂ ರೇಡಿಯೋದಲ್ಲೋ, ಪೇಪರಲ್ಲೋ, ಇಂಥ ಎಣಿಕೆಲೋ ಕೆಲ್ಸ ಮಾಡ್ತಾರಾ?"

"ಮಾಡದೆ ಏನು! ನನ್ನ ದೊಡ್ಡ ಸೊಸೆ! ಈ ಊರಲ್ಲಿ ಅವಳಷ್ಟು ಚೆನ್ನಾಗಿ ಎಣಿಸೋರು ಯಾರಿದಾರೆ ತೋರ್ಸು!"

ಆ ಮಾತನ್ನು ಸನಾಬಾ ಸೊಸೆಯ ಎದುರಿಗೆ ಒಮ್ಮೆಯೂ ಆಡಿದವಳಲ್ಲ. ಅಲಿಮಾ ಪೆನ್ನಿನ ಮುಚ್ಚಳ ಹಾಕಿದಳು.

"ಹಾಗಾದ್ರೆ ಮುಗೀತು ದೊಡ್ಡಮ್ಮ. ಅಲ್ಲಾ ನಿಮಗೆ ಒಳ್ಳೇದು ಮಾಡ್ಲಿ."

"ಏನು ಮುಗೀತು? ಚೀಟಿ ಎಲ್ಲಿ? ಬುರುಡೆ ತೊಳೆದಿಟ್ಟಿದೀನಿ!"

"ತೆನಿನಕ್ಕ ಎಣಿಕೆಯವ್ರಲ್ವಾ. ಅವ್ರ ಮನೆ ಲೆಕ್ಕಕ್ಕೆ ಬರಲ್ಲ. ಪಕ್ಕದ ಮನೆಗೆ ಹೋಗ್ಬೇಕು."

ಪಕ್ಕದ ಮನೆ ಎಂದರೆ ಕುಂಬಾಳ ಮನೆ. ಕುಂಬಾಳ ರೇಡಿಯೋದಲ್ಲಿ ಬ್ಯಾಟರಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಇದ್ದಾಗಲೂ ಅವಳು ಕೇಳುವುದು ಮದುವೆ ಹಾಡು. ಚೀಟಿ ಅವಳದೇ ಬಂತು. ಸನಾಬಾ ಮಿರಿಮಿರಿ ನಿಲುವಂಗಿಯಲ್ಲೇ ಗೋಡೆಯ ಈಚೆ ಕೂತು, ಗೋಡೆಯಾಚೆ ಕುಂಬಾ ಮನಸೋ ಇಚ್ಛೆ ಮಾತಾಡುವುದನ್ನು ಕೊನೆಯ ತನಕ ಕೇಳಬೇಕಾಯಿತು.

ಸಂಜೆ ತೆನಿನ್ ಮನೆಗೆ ಬಂದಾಗ ರೇಡಿಯೋದ ನೀಲಿ ಚೀಲ ಮರದಲ್ಲಿರಲಿಲ್ಲ.

"ಏನಾಯ್ತು?" ಎಂದು ವಾಸ್ಸಾಳನ್ನು ಕಣ್ಣಲ್ಲೇ ಕೇಳಿದಳು.

"ನಿನ್ನಿಂದಾನೇ ಅಕ್ಕಾ," ಎಂದು ವಾಸ್ಸಾ ಪಿಸುಗುಟ್ಟಿದಳು. "ಲೆಕ್ಕಕ್ಕಿಲ್ಲದ ಕಿವಿ ಇದ್ರೇನು ಬಿಟ್ರೇನು ಅಂತ ರೇಡಿಯೋನ ಪೆಟ್ಟಿಗೆಗೆ ಹಾಕಿ ಬೀಗ ಹಾಕ್ಬಿಟ್ರು."

ಮರುದಿನ ಆ ಅರ್ಧ ಗಂಟೆ ಬಂತು, ರೇಡಿಯೋ ಬರಲಿಲ್ಲ. ಸನಾಬಾ ಅದೇ ಕುರ್ಚಿಯಲ್ಲಿ ಕೂತು ಆ ಹೊತ್ತನ್ನೆಲ್ಲ ಮನೆಗೆಲಸದ ಮೇಲೆ ಸುರಿದಳು. ಒರಳಿನ ಅಂಚು ಜಿಡ್ಡಾಗಿದೆ. ಕುರಿಯ ಹಗ್ಗ ಗಿಡ್ಡ. ಬೆಂಡೆಕಾಯಿಯನ್ನು ಯಾರಾದರೂ ಇಷ್ಟು ದಪ್ಪ ಹೆಚ್ಚುತ್ತಾರೆಯೇ. ಪೊರಕೆಯನ್ನು ತಲೆಕೆಳಗಾಗಿ ಇಟ್ಟವರು ಯಾರು. ಅದರ ಮಾರನೆಯ ದಿನವೂ ಅದೇ. ಮಧ್ಯಾಹ್ನದ ಹೊತ್ತಿಗೆ ವಾಸ್ಸಾ ತೆನಿನಳ ಸೆರಗು ಹಿಡಿದುಕೊಂಡಳು.

"ಅಕ್ಕಾ, ನಿನ್ನ ದಮ್ಮಯ್ಯ. ಹೇಗಾದ್ರೂ ಮಾಡಿ ಎಣಿಸ್ಬಿಡು. ಒಂದು ಕಾಗದ ತಗೊಂಡು ಮೊದಲ ಪ್ರಶ್ನೆಗೆ ಇಲ್ಲ ಅಂತ ಗೀಟು ಎಳೆದ್ರಾಯ್ತು. ಬಮಾಕೋದಿಂದ ಯಾರು ಬಂದು ನೋಡ್ತಾರೆ?"

"ನಾನು ಈ ಮನೇಲಿ ಇಲ್ಲ ಅಂತ ನಾನೇ ಬರೀಲಾ?"

"ಇದ್ದು ಏನು ಸುಖ ಕಂಡಿದೀವಿ?" ಎಂದಳು ವಾಸ್ಸಾ. ಇಬ್ಬರಿಗೂ ನಗು ಬಂತು.

ಅಷ್ಟರಲ್ಲಿ ಕುರ್ಚಿಯಿಂದ ದನಿ ಬಂತು. "ಏ ಕುಲಿಬಾಲಿ!"

ತೆನಿನ್ ಅಲ್ಲಾಡದೆ ನಿಂತಳು. ಇದು ಅತ್ತೆಯ ದನಿಯಲ್ಲ, ಕೆಯಿತಾಳ ದನಿ.

"ಅಲಸಂದೆ ಹೊಟ್ಟೆಯವಳೇ, ನೀನು ನನ್ನ ಆಳು. ಈಗ ಕೇಳ್ತಿದೀನಿ. ಆ ಚೀಲದ ಕೆಲ್ಸ ಬಿಟ್ಬಿಡು. ಮುಂದಿನ ಎಣಿಕೆಗೆ ನನ್ನ ಮನೆ ಲೆಕ್ಕಕ್ಕೆ ಬರ್ಬೇಕು."

ವಾಸ್ಸಾಳ ಕೈಲಿದ್ದ ತಟ್ಟೆ ಹಾಗೇ ನಿಂತಿತು. ಗೇಲಿಯ ನೆಂಟಸ್ತನದಲ್ಲಿ ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ಹಾಗೆಂದು ಕೇಳಿ ಮದುವೆ ನಿಲ್ಲಿಸಿದವರಿದ್ದಾರೆ, ಜಗಳ ಬಿಡಿಸಿದವರಿದ್ದಾರೆ, ಪಂಚಾಯಿತಿಯಿಂದ ಕಳ್ಳನನ್ನು ಬಿಡಿಸಿಕೊಂಡು ಹೋದವರಿದ್ದಾರೆ.

ತೆನಿನ್ ಸೊಂಟದ ಬಟ್ಟೆ ಬಿಗಿದು, ಅತ್ತೆಯ ಎದುರಿಗೆ ಬಂದು ನಿಂತಳು.

"ಕೆಯಿತಾ, ನನ್ನ ಆಳು ನೀನು ಅನ್ನೋದು ಮರೆತ್ಯಾ? ನಿನ್ನ ಮಾತು ಆಮೇಲೆ. ಮೊದ್ಲು ನಾನು ಕೇಳ್ತೀನಿ. ಏಳು. ಇವತ್ತಿನ ಸಜ್ಜೆ ನೀನು ಕುಟ್ಟು. ನಾನು ನಿನ್ನ ಕುರ್ಚೀಲಿ ಕೂರ್ತೀನಿ."

ಗೋಡೆಯಾಚೆ ಕುಂಬಾ "ಹೋ!" ಎಂದದ್ದು ಎಲ್ಲರಿಗೂ ಕೇಳಿಸಿತು. ಆ ಮನೆಯಲ್ಲಿ ಸನಾಬಾ ಒನಕೆ ಹಿಡಿದು ಎಷ್ಟೋ ವರ್ಷವಾಗಿತ್ತು. ಸೊಸೆಯಂದಿರು ಬಂದ ಮೇಲೆ ಒನಕೆ ಹಿಡಿಯುವ ಅತ್ತೆ ಎಲ್ಲಿದ್ದಾಳೆ? ಅವಳು ಸೊಸೆಯನ್ನು ದಿಟ್ಟಿಸಿದಳು. ಆಮೇಲೆ ಎದ್ದಳು. ತಲೆವಸ್ತ್ರ ಬಿಗಿದಳು. ಒನಕೆ ಎತ್ತಿ ಅಂಗೈಗೆ ಉಗುಳಿಕೊಂಡು, ಮೊದಲ ಏಟು ಹಾಕಿದಳು. ಏಟು ನೇರವಾಗಿ ಬಿತ್ತು.

"ನೋಡ್ಕೋ," ಎಂದಳು. "ನೀವು ಕುಟ್ಟೋದು ಕೋಳಿ ಕೆದಕಿದ ಹಾಗೆ."

ತೆನಿನ್ ಕುರ್ಚಿಯಲ್ಲಿ ಕೂತಳು. ಚೀಲದಿಂದ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅದನ್ನು ಏಕೆ ತೆಗೆದಳೆಂದು ಆ ಕ್ಷಣ ಅವಳಿಗೂ ಗೊತ್ತಿರಲಿಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

"ನಿನ್ನ ರೇಡಿಯೋ ಯಾರದು?"

"ನಂದು!" ಒನಕೆ ಬಿತ್ತು.

"ಯಾವ ಸ್ಟೇಷನ್ ಹಾಕ್ಬೇಕು ಅಂತ ಈ ಮನೇಲಿ ಹೇಳೋರು ಯಾರು?"

"ನಾನು. ಇನ್ನಾರು?" ಇನ್ನೊಂದು ಏಟು ಬಿದ್ದ ಮೇಲೆ ಸನಾಬಾ ನಿಂತಳು. "ಮುಂಚೆ ನಿನ್ನ ಮಾವ. ರೇಡಿಯೋನ ಕಂಕುಳಲ್ಲಿ ಇಟ್ಕೊಂಡು ಹೊಲಕ್ಕೆ ಹೋಗೋರು, ಕಂಕುಳಲ್ಲೇ ವಾಪಸ್ ತರೋರು. ಮನೇಗ್ ಬಂದಾಗ ಕೊನೇ ಎರಡು ಮಾತು ನನ್ನ ಕಿವಿಗೆ ಬೀಳೋದು. ಯಾವಳೋ ಒಬ್ಬಳು ಪ್ರಶ್ನೆ ಕೇಳಿರ್ತಿದ್ಲು, ನಂಗೆ ಉತ್ರದ ಬಾಲ ಮಾತ್ರ ಸಿಗೋದು. ಬಾಲ ಹಿಡ್ಕೊಂಡು ಇಡೀ ರಾತ್ರಿ ಯೋಚ್ನೆ ಮಾಡ್ತಿದ್ದೆ, ಪ್ರಶ್ನೆ ಏನಿದ್ದಿರ್ಬಹುದು ಅಂತ. ಅವರು ಹೋದ್ಮೇಲೆ ಮಕ್ಕಳು ಹೊಲ ಹಂಚ್ಕೊಂಡ್ರು, ಸೈಕಲ್ ಹಂಚ್ಕೊಂಡ್ರು. ನಾನು ರೇಡಿಯೋ ಎತ್ಕೊಂಡೆ. ಈಗ ತಲೆಯಿಂದ ಬಾಲದವರೆಗೆ ಕೇಳ್ತೀನಿ. ಆ ಕುಂಬಾನ್ನ ಎಣಿಸ್ತಾರೆ, ನನ್ನ ಬಿಟ್ಟು."

"ನಂಗೂ ಕೇಳಿಸ್ತಿದೆ!" ಎಂದಳು ಕುಂಬಾ ಗೋಡೆಯಾಚೆಯಿಂದ.

"ಕೇಳಿಸ್ಲಿ ಅಂತಾನೇ ಹೇಳಿದ್ದು!"

ಅಂಗಳ ನಕ್ಕಿತು. ತೆನಿನ್ ತಲೆ ಬಗ್ಗಿಸಿ ಬರೆದಳು. ಸ್ಟೇಷನ್ ಹೇಳುವವರು ಎಂಬಲ್ಲಿ "ಗಂಡ", "ಮಗ", "ಇತರರು" ಎಂಬ ಮೂರು ಚೌಕಗಳಿದ್ದವು. ಸನಾಬಾ ಇತರರಲ್ಲಿ ಸೇರಿದಳು.

"ಸರಿ. ನಿನ್ನೆ ಕಡಲಾಚೆ ರೇಡಿಯೋ ಕೇಳಿದ್ಯಾ?"

ಸನಾಬಾಳ ಒನಕೆ ಒರಳಿಗೆ ಒರಗಿತು.

"ಮೊನ್ನೆ ತನಕ ದಿನಾ ಕೇಳಿದೀನಿ."

"ಕಾಗದ ನಿನ್ನೇದು ಕೇಳ್ತಿದೆ."

"ನಿನ್ನೆ ಪೆಟ್ಟಿಗೇಲಿತ್ತು ಅಂತ ನಿಂಗೇ ಗೊತ್ತಲ್ಲ!"

"ನಂಗೆ ಗೊತ್ತಿರೋದನ್ನ ಬರೆಯೋ ಹಾಗಿಲ್ಲ. ನೀನು ಹೇಳಿದ್ದನ್ನ ಬರೀಬೇಕು. ಇಲ್ಲ ಅಂತ ಹಾಕ್ಲಾ?"

"ಹಾಕಿದ್ರೆ ಕೈ ಮುರೀತೀನಿ! ಅಯ್ಯೋ ಹಾಳು ಕಾಗದವೇ, ವರ್ಷಗಟ್ಲೆ ಕೇಳಿದೀನಿ, ನಾನು ಮುನಿಸ್ಕೊಂಡ ದಿನಾನೇ ಕೇಳ್ಬೇಕಾ ನೀನು?" ಸನಾಬಾ ಸೊಂಟದ ಗಂಟಿನಿಂದ ಪೆಟ್ಟಿಗೆಯ ಬೀಗದ ಕೈ ಬಿಚ್ಚಿ ವಾಸ್ಸಾಳತ್ತ ಎಸೆದಳು. "ತಗೊಂಬಾರೇ ಅದನ್ನ. ಇವತ್ತಿನ ಹೊತ್ತು ಮೀರಿದೆ. ನಾಳೆ ಕೇಳ್ತೀನಿ, ನಾಡಿದ್ದು ಇವಳು ಬಂದು 'ನಿನ್ನೆ' ಅಂತ ಕೇಳ್ಲಿ. ಆಗ ಹೇಳ್ತೀನಿ!"

ಹೀಗೆ ಮರುದಿನ ರೇಡಿಯೋ ಮತ್ತೆ ಮರವೇರಿತು. ಸನಾಬಾ ಕೂತಳು, ಬಾಯಿ ಮುಚ್ಚಿತು, ಸೊಸೆಯಂದಿರಿಗೆ ಉಸಿರು ಬಂತು. ಅಂದು ಬೀಜಕ್ಕೆ ಹುಳ ಹಿಡಿಯದಂತೆ ಏನು ಮಾಡಬೇಕೆಂಬ ಮಾತು ನಡೆಯುತ್ತಿತ್ತು. ಸನಾಬಾ ಪರೀಕ್ಷೆಗೆ ಓದುವವಳಂತೆ ತುಟಿ ಅಲ್ಲಾಡಿಸುತ್ತಿದ್ದಳು.

ಅದರ ಮಾರನೆಯ ಬೆಳಿಗ್ಗೆ, ಗಂಜಿ ಮುಗಿದ ಕೂಡಲೇ, ತಾನೇ ಎರಡು ಕುರ್ಚಿ ಎದುರುಬದುರು ಹಾಕಿದಳು. ಈ ಸಲ ಒನಕೆಯ ಮಾತಿಲ್ಲ, ಗೇಲಿಯಿಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಳು. ಕೇಳಿದ್ದನ್ನು ಯಾರಿಗಾದರೂ ಹೇಳುತ್ತೀರಾ ಎಂದರೆ, ಬಾವಿಕಟ್ಟೆಯಲ್ಲಿ ಎಲ್ಲರಿಗೂ ಎಂದಳು. ಕಸುಬು ಎಂಬಲ್ಲಿಗೆ ಬಂದಾಗ ತೆನಿನ್ ಪೆನ್ನು ಇಡುವ ಮೊದಲೇ ಸನಾಬಾ ಬೆರಳು ಎತ್ತಿದಳು.

"ಮನೇಲಿರೋಳು ಅಂತ ಹಾಕ್ಬೇಡ. ಮೊನ್ನೆ ತಾನೆ ಕುಟ್ಟಿದೀನಿ. ಭುಜ ಇನ್ನೂ ನೋಯ್ತಿದೆ."

"ಏನಂತ ಹಾಕ್ಲಿ ಅತ್ತೆ?"

"ಕುಟ್ಟೋಳು ಅಂತ ಹಾಕು." ಸೊಸೆಯ ಅಂಗೈಗಳನ್ನು ನೋಡಿದಳು. "ದಿನಾ ಮ್ಯಾಲಿಂದ ಕೆಳಗೆ ಅಷ್ಟು ಏಟು. ನಂಗೆ ಮರ್ತೇಹೋಗಿತ್ತು ಕಣೇ."

ಅಂದಿನಿಂದ ಮೊದಲ ಕುಟ್ಟನ್ನೂ ಓಣಿ ತುದಿಯ ಗಿರಣಿಯಲ್ಲೇ ಮಾಡಿಸಬಹುದು ಎಂಬ ಅಪ್ಪಣೆಯಾಯಿತು. ಈ ವಿಷಯದಲ್ಲಿ ಸೊಸೆಯಂದಿರು ಮದುವೆಯಾದಾಗಿನಿಂದ ಬೇಡಿಕೊಳ್ಳುತ್ತಲೇ ಇದ್ದರು. ತೌಡು ತೆಗೆಯುವ ಕುಟ್ಟು ಮನೆಯಲ್ಲೇ ಆಗದಿದ್ದರೆ ಮುದ್ದೆಗೆ ರುಚಿಯಿಲ್ಲ ಎಂಬುದು ಸನಾಬಾಳ ಕಾನೂನಾಗಿತ್ತು. ರುಚಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ತೆನಿನ್ ಕಾಗದ ಮಡಚುವಾಗ ಸನಾಬಾ ಕೇಳಿದಳು, "ಇದು ಅವರಿಗೆ ಹೋಗತ್ತಾ?"

ತೆನಿನ್ ಈಗ ದಿಕೋ ಹೇಳಿದ್ದ ಎರಡನೇ ಮಾತನ್ನೂ ಅತ್ತೆಗೆ ತಿಳಿಸಿದಳು: ಹೌದು ಎಂದು ಬಂದ ಮೇಲೂ ಮುಂದುವರಿಸಿದವಳನ್ನು ಮತ್ತೆ ಕರೆಯುವುದಿಲ್ಲ.

ಸನಾಬಾ ಸೊಸೆಯ ಚೀಲದತ್ತ ಬೆರಳು ತೋರಿಸಿದಳು.

"ಚೀಲ ಬಿಡು ಅಂದಿದ್ದು ಗೇಲಿಗೆ," ಎಂದಳು. "ಅದನ್ನ ವಾಪಸ್ ತಗೊಂಡಿದೀನಿ. ಎಣಿಸ್ಬೇಕು ಅನ್ನೋದು ಗೇಲಿ ಅಲ್ಲ. ಆದ್ರೆ ಕೆಲ್ಸ ನಿಂದು. ಏನ್ ಮಾಡ್ದೆ ಅಂತ ನಾನು ಕೇಳಲ್ಲ." ಹಾಗೆಂದು ನಿಲುವಂಗಿ ಕೊಡವಿ ಎದ್ದು, ಕುಂಬಾಳ ಮನೆಗೆ ಹೊರಟಳು. ಹುಳ ಹಿಡಿಯದ ಬೀಜದ ಸಂಗತಿ ಅವಳಿಗೂ ಹೇಳಬೇಕಿತ್ತು. ಎಣಿಕೆಗೆ ಸಿಕ್ಕವರಿಗೆ ಏನೂ ಗೊತ್ತಿರುವುದಿಲ್ಲ ಎಂಬುದು ಅವಳ ಅಭಿಪ್ರಾಯ.

ಆ ಮಧ್ಯಾಹ್ನ ಕಚೇರಿಯ ಜೀಪು ಕಾಗದಗಳನ್ನು ಒಯ್ಯಲು ಬರುವುದಿತ್ತು. ಬಕಾರಿ ಊಟ ಮಾಡಿ ಚಹಾ ಕೂಟಕ್ಕೆ ಹೋಗಿದ್ದ. ವಾಸ್ಸಾ ಸಜ್ಜೆಯ ಬುಟ್ಟಿ ಹೊತ್ತು ಗಿರಣಿಗೆ ಹೋಗಿದ್ದಳು. ಮಕ್ಕಳು ನದಿಯಲ್ಲಿದ್ದರು. ತೆನಿನ್ ಜಗಲಿಯಲ್ಲಿ ಚಾಪೆ ಹಾಸಿ ಕಾಗದಗಳನ್ನು ಓಣಿವಾರು ಜೋಡಿಸಿದಳು. ಸನಾಬಾಳದು ಬೇರೆಯಾಗಿ ಮೊಣಕಾಲಿನ ಹತ್ತಿರ ಇತ್ತು. ಅದರಲ್ಲಿ ಎಲ್ಲವೂ ತುಂಬಿತ್ತು, ಮೊದಲ ಪ್ರಶ್ನೆಯ ಎರಡು ಚೌಕ ಮಾತ್ರ ಖಾಲಿ.

ವಾಸ್ಸಾ ಹೇಳಿದ ಹಾಗೆ "ಇಲ್ಲ" ಎಂದು ಗೀಟು ಎಳೆದರೆ ಸನಾಬಾ ಎಣಿಕೆಗೆ ಸೇರುತ್ತಾಳೆ, ತೆನಿನಳ ಚೀಲವೂ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಹರಿದು ಒಲೆಗೆ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆಯೇ ಕೇಳುವುದಿಲ್ಲ ಎಂದಿದ್ದಾಳೆ. ಹೊರಗೆ ದೂರದಲ್ಲಿ ಜೀಪಿನ ಹಾರನ್ ಕೇಳಿಸಿತು.

ತೆನಿನ್ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ತೆಗೆದಳು. "ಹೌದು" ಎಂಬ ಚೌಕದಲ್ಲಿ ಗುರುತು ಹಾಕಿದಳು. ಶಾಯಿ ತೆಳ್ಳಗೆ ಬಂದಂತೆ ಕಂಡಿತು. ಅದರ ಮೇಲೇ ಇನ್ನೊಮ್ಮೆ ಎಳೆದಳು. ಕೆಲಸ ಮಾಡುವವರ ಹೆಸರು ಎಂಬ ಗೆರೆಯ ಮೇಲೆ, ಇಷ್ಟು ವರ್ಷ ಬೇರೆಯವರ ಮನೆಗಳಲ್ಲಿ ಖಾಲಿ ಬಿಡುತ್ತಿದ್ದ ಜಾಗದಲ್ಲಿ, ತೆನಿನ್ ಕುಲಿಬಾಲಿ ಎಂದು ಬರೆದಳು. ಆಮೇಲೆ ಆ ಕಾಗದವನ್ನು ಕಟ್ಟಿನ ಎಲ್ಲಕ್ಕಿಂತ ಮೇಲೆ ಇಟ್ಟು, ಎಸೆಯುವುದಿದ್ದರೆ ಎಸೆಯುವವರು ಅದನ್ನು ಓದಿಯೇ ಎಸೆಯಲಿ ಎಂದು, ದಾರ ಬಿಗಿದು ಗಂಟು ಹಾಕಿದಳು.